ವಲಸೆ, ಕೂಲಿ ಮತ್ತು ಉದ್ಯೋಗ: ಠಾಣೆ–ಕಲ್ಯಾಣ ಪರಿಸರದ ಒಂದು ವಿವೇಚನೆ

ವಲಸೆ ಬಂದವರು ಸ್ಥಳೀಯರ ಉದ್ಯೋಗವನ್ನು ಕಸಿದುಕೊಳ್ಳುತ್ತಾರೆ, ಕೂಲಿಯ ದರವನ್ನು ತಗ್ಗಿಸುತ್ತಾರೆ ಎಂಬ ಆರೋಪ ಹೊಸದಲ್ಲ. ಮುಂಬಯಿ ಪರಿಸರದ ಕನ್ನಡಿಗರ ಪಾಲಿಗೆ ಇದು ಕೇವಲ ಅರ್ಥಶಾಸ್ತ್ರದ ಪ್ರಶ್ನೆಯಲ್ಲ. ಅವರ ಮೇಲೆಯೇ ಹೊರಿಸಲಾಗಿದ್ದ ಆಪಾದನೆ. 1966ರಲ್ಲಿ ಸ್ಥಾಪನೆಗೊಂಡ ಶಿವಸೇನೆಯು ಆರಂಭದ ವರ್ಷಗಳಲ್ಲಿ ಕಚೇರಿಗಳ ದಕ್ಷಿಣ ಭಾರತೀಯ ಗುಮಾಸ್ತರನ್ನೂ ಉಡುಪಿ ಹೋಟೆಲುಗಳನ್ನೂ ಗುರಿಯಾಗಿಸಿಕೊಂಡಿತು; 1967ರಲ್ಲಿ ಠಾಣೆಯ ನಗರಸಭೆಯಲ್ಲಿ ಗೆಲುವು ಸಾಧಿಸಿತು. ಈ ಆರೋಪದಲ್ಲಿ ಸತ್ಯಾಂಶವೆಷ್ಟು ಎಂಬುದು ಪರಿಶೀಲನಾರ್ಹ.

ಒಂದು ಊರಿನ ಉದ್ಯೋಗಗಳ ಸಂಖ್ಯೆ ಸ್ಥಿರವಾದುದೆಂಬ ಗ್ರಹಿಕೆಯೇ ಈ ಆರೋಪದ ಬುನಾದಿ. ಆದರೆ ಬಂದವನು ದುಡಿಯುವವನಷ್ಟೇ ಅಲ್ಲ, ಉಣ್ಣುವವನು, ಉಡುವವನು, ಬಾಡಿಗೆ ಕೊಡುವವನೂ ಹೌದು. ಅವನ ಖರ್ಚು ಮತ್ತೊಬ್ಬರ ಆದಾಯವಾಗುತ್ತದೆ. ಆದ್ದರಿಂದ ಅವನ ಶ್ರಮ ಸ್ಥಳೀಯರ ಶ್ರಮಕ್ಕೆ ಪೂರಕವೋ ಪರ್ಯಾಯವೋ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ.

ಡೊಂಬಿವಲಿ, ಠಾಣೆಗಳ ಉಡುಪಿ ಹೋಟೆಲು ಪೂರಕ ಶ್ರಮಕ್ಕೆ ಉದಾಹರಣೆ. ಅದು ಹಾಲು, ತರಕಾರಿ, ದಿನಸಿಗಳ ವ್ಯಾಪಾರವನ್ನು ಬೆಳೆಸಿತು; ಕಚೇರಿಗೆ ಓಡುವವರಿಗೆ ಅಗ್ಗದ ಊಟವನ್ನು ಒದಗಿಸಿತು. ಗುಮಾಸ್ತಗಿರಿಯ ಸ್ಥಿತಿ ಬೇರೆ. ಅಲ್ಲಿ ಹುದ್ದೆಗಳು ಪರಿಮಿತ. ಒಬ್ಬನ ನೇಮಕ ಇನ್ನೊಬ್ಬನ ನಿರಾಶೆ. ವಿದ್ಯಾವಂತ ಮರಾಠಿ ತರುಣರ ಅಸಮಾಧಾನವನ್ನು ಪೂರ್ತಿ ನಿರಾಧಾರವೆನ್ನಲಾಗದು. ಇನ್ನು ವಿಜಯಪುರ, ಕಲಬುರಗಿಗಳ ಬರಪೀಡಿತ ಹಳ್ಳಿಗಳಿಂದ ಬಂದು ಕಟ್ಟಡದ ಕೆಲಸಕ್ಕಾಗಿ ಬೆಳಗ್ಗೆ ನಾಕಾದಲ್ಲಿ ನಿಲ್ಲುವವರದು ಮೂರನೆಯ ಸ್ಥಿತಿ. ಹೊಸಬನೊಬ್ಬ ಕಡಿಮೆ ಕೂಲಿಗೆ ಒಪ್ಪಿದರೆ ಅದರ ಹೊಡೆತ ಮೊದಲು ಬೀಳುವುದು ಪದವೀಧರನ ಮೇಲಲ್ಲ, ಹಿಂದಿನ ವರ್ಷ ಬಂದ ವಲಸೆಗಾರನ ಮೇಲೆ.

ವಿದ್ವಾಂಸರಲ್ಲಿಯೂ ಒಮ್ಮತವಿಲ್ಲ. 1980ರಲ್ಲಿ ಕ್ಯೂಬಾದಿಂದ ಸುಮಾರು 1.25 ಲಕ್ಷ ಜನ ಅಮೆರಿಕೆಗೆ ಬಂದರು. ಬಹಳಷ್ಟು ಮಂದಿ ಮಯಾಮಿ ನಗರದಲ್ಲಿ ನೆಲೆಸಿದರು. ಅದರಿಂದ ಅಲ್ಲಿನ ಕೂಲಿ ಗಣನೀಯವಾಗಿ ಕುಸಿಯಲಿಲ್ಲವೆಂದು ಡೇವಿಡ್ ಕಾರ್ಡ್ 1990ರಲ್ಲಿ ತೋರಿಸಿದರು. ಶಾಲಾ ಶಿಕ್ಷಣ ಪೂರೈಸದವರ ಕೂಲಿ ಕುಸಿಯಿತೆಂದು ಜಾರ್ಜ್ ಬೋರ್ಹಾಸ್ 2017ರಲ್ಲಿ ವಾದಿಸಿದರು. ಸರಾಸರಿಯೊಳಗೆ ಬಡವನ ನಷ್ಟ ಮರೆಯಾಗಬಹುದೆಂಬುದು ಈ ಚರ್ಚೆಯ ಪಾಠ.

ಉದ್ಯೋಗನಾಶದ ಇತರ ಕಾರಣಗಳನ್ನೂ ಮರೆಯಲಾಗದು. 1982ರ ಗಿರಣಿ ಮುಷ್ಕರದ ತರುವಾಯ ಅಸಂಖ್ಯ ಕಾರ್ಮಿಕರು ಕೆಲಸ ಕಳೆದುಕೊಂಡದ್ದು ವಲಸೆಯಿಂದಲ್ಲ. 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆ ನವಿ ಮುಂಬಯಿಯನ್ನು ಕಟ್ಟಿದಾಗ ಅಲ್ಲಿನ ಆಗ್ರಿ, ಕೋಳಿ ಸಮುದಾಯಗಳ ಜೀವನಾಧಾರವನ್ನು ಕಿತ್ತದ್ದು ಭೂಸ್ವಾಧೀನ. ನ್ಯಾಯವಾದ ಪರಿಹಾರ ಕೇಳಿದ ಉರಣ ಪರಿಸರದ ರೈತರಲ್ಲಿ ಐವರು 1984ರ ಜನವರಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು.

ಹಾಗಾದರೆ ಪರಿಹಾರವೇನು? ಮಹಾರಾಷ್ಟ್ರದ 1969ರ ಮಾಥಾಡಿ ಕಾಯಿದೆ ಒಂದು ದಾರಿಯನ್ನು ತೋರಿದೆ. ಹೊರೆ ಹೊರುವವರನ್ನು ಮಂಡಳಿಯಲ್ಲಿ ನೋಂದಾಯಿಸಿ, ಅದರ ಮೂಲಕವೇ ಕೂಲಿ ಕೊಡಿಸುವ ವ್ಯವಸ್ಥೆ ಅದು. ಎಲ್ಲಿಂದ ಬಂದವನಿಗೂ ಒಂದೇ ದರವಾದಾಗ ಅಗ್ಗದ ಕೂಲಿಗಾಗಿ ಹೊಸಬನನ್ನು ಹುಡುಕುವ ಆಮಿಷ ಮಾಲೀಕನಿಗೆ ಉಳಿಯುವುದಿಲ್ಲ.

ಕರ್ನಾಟಕದಲ್ಲಿಯೂ 1986ರ ಸರೋಜಿನಿ ಮಹಿಷಿ ವರದಿಯಿಂದ ಹಿಡಿದು, ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡಲೆಂದು ರೂಪುಗೊಂಡು 2024ರ ಜುಲೈನಲ್ಲಿ ತಡೆಹಿಡಿಯಲ್ಪಟ್ಟ ಮಸೂದೆಯವರೆಗೆ ಇದೇ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ಬೆಂಗಳೂರಿನ ಕನ್ನಡಿಗ ಇಂದು ಕೇಳುವುದನ್ನೇ ಠಾಣೆಯ ಮರಾಠಿಗ ಅಂದು ಕೇಳಿದ್ದ; ಆಗ ಉತ್ತರಿಸಬೇಕಾಗಿದ್ದವನು ಕನ್ನಡಿಗನೇ. ಈ ಎರಡು ಅನುಭವಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ನ್ಯಾಯಸಮ್ಮತ ನಿಲುವು ಸಾಧ್ಯ.