ಉಸಿರು ತಡೆಹಿಡಿದು ಉಸಿರು ಉಳಿಸುವ ಶಸ್ತ್ರಚಿಕಿತ್ಸೆ

ದಿನಗಟ್ಟಲೆ ವೆಂಟಿಲೇಟರ್‌ನಲ್ಲಿರುವ ರೋಗಿಯ ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ, ಅಲ್ಲಿಂದಲೇ ಉಸಿರಾಟಕ್ಕೆ ಕೊಳವೆ ಇಡುವುದು ಟ್ರೇಕಿಯಾಸ್ಟಮಿ. ಕಿವಿ, ಮೂಗು, ಗಂಟಲು ತಜ್ಞರಿಗೆ ಇದು ಕೈಪಳಗಿದ ಕೆಲಸ. 2020ರಲ್ಲಿ ಕೋವಿಡ್ ಹಬ್ಬಿದಾಗ ಅದೇ ಕೆಲಸ ಜೀವಕ್ಕೆ ಸಂಚಕಾರ ತರುವಂತಾಯಿತು. ನಾಳ ತೆರೆದ ಕ್ಷಣ ರೋಗಿ ಕೆಮ್ಮಿದರೆ, ವೈರಾಣು ತುಂಬಿದ ಹನಿಗಳು ಬಾಗಿ ನಿಂತ ವೈದ್ಯರ ಮುಖಕ್ಕೇ ಚಿಮ್ಮುತ್ತವೆ.

ಎಚ್ಚರಿಕೆ ಮೊದಲೇ ಸಿಕ್ಕಿತ್ತು. 2003ರ ಸಾರ್ಸ್ ಸಾಂಕ್ರಾಮಿಕದ ಅನುಭವವನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಟ್ರೇಕಿಯಾಸ್ಟಮಿಯಲ್ಲಿ ತೊಡಗಿದ ಸಿಬ್ಬಂದಿಗೆ ಸೋಂಕು ತಗಲುವ ಸಾಧ್ಯತೆ ಉಳಿದವರಿಗಿಂತ ಸುಮಾರು 4 ಪಟ್ಟು ಹೆಚ್ಚೆಂದು ಹೇಳಿತ್ತು.

ಹಾಗಾಗಿ ಪ್ರತಿ ಹೆಜ್ಜೆಗೂ ಕ್ರಮ ಗೊತ್ತಾಯಿತು. ಅನುಭವಿಗಳಾದ ಕೆಲವರಷ್ಟೇ ಎನ್-95 ಮಾಸ್ಕ್, ಮುಖಗವಚ, ಗೌನು ತೊಟ್ಟು ಒಳಗಿರಬೇಕು. ರೋಗಿ ಕೆಮ್ಮದಂತೆ ಸ್ನಾಯುಗಳನ್ನು ಪೂರ್ತಿ ಸಡಿಲಿಸುವ ಮದ್ದು ಕೊಡಬೇಕು. ಮೊದಲಿಗೆ ಆಮ್ಲಜನಕ ಚೆನ್ನಾಗಿ ತುಂಬಿಸಿ, ವೆಂಟಿಲೇಟರ್‌ಗಾಗಿ ಬಾಯಿಯ ಮೂಲಕ ಮೊದಲೇ ಇಟ್ಟ ಕೊಳವೆಯನ್ನು ಇನ್ನಷ್ಟು ಕೆಳಗಿಳಿಸಿ, ಅದರ ತುದಿಯ ಬಲೂನು ರಂಧ್ರ ಮಾಡುವ ಜಾಗಕ್ಕಿಂತ ಕೆಳಗೆ ನಿಲ್ಲುವಂತೆ ನೋಡಿಕೊಳ್ಳಬೇಕು. ಅರಿವಳಿಕೆ ತಜ್ಞರು ವೆಂಟಿಲೇಟರ್ ನಿಲ್ಲಿಸಿದೆವೆಂದು ಗಟ್ಟಿಯಾಗಿ ಹೇಳಿದ ಮೇಲೆಯೇ ನಾಳಕ್ಕೆ ಕತ್ತರಿ. ಹೊಸ ಕೊಳವೆ ಇಟ್ಟು, ಬಲೂನು ಉಬ್ಬಿಸಿ, ಫಿಲ್ಟರ್ ಸಮೇತ ಜೋಡಿಸಿದ ಬಳಿಕವಷ್ಟೇ ಮತ್ತೆ ಗಾಳಿ. ಉಸಿರು ನಿಂತಿರುವ ಆ ಅಲ್ಪ ಹೊತ್ತು ಇಡೀ ತಂಡದ ಪರೀಕ್ಷೆ.

ಕೋಣೆಯೂ ಮುಖ್ಯ. ಹೊರಗಿನ ರೋಗಾಣು ಒಳಗೆ ಬಾರದಿರಲೆಂದು ಆಪರೇಷನ್ ಥಿಯೇಟರ್‌ನಲ್ಲಿ ಗಾಳಿಯ ಒತ್ತಡ ಹೆಚ್ಚಿರುತ್ತದೆ. ಸೋಂಕಿತರಿಗೆ ಬೇಕಿರುವುದು ತದ್ವಿರುದ್ಧ: ಒಳಗಿನ ಗಾಳಿ ಹೊರಗೆ ಸೋರದ ಕಡಿಮೆ ಒತ್ತಡದ ಕೋಣೆ. ಗಂಟೆಗೆ 12 ಬಾರಿ ಗಾಳಿ ಬದಲಾಗುವ ಕೋಣೆಯಲ್ಲೂ ತೇಲುವ ಕಣಗಳ ಶೇ 99ರಷ್ಟು ಹೋಗಲು ಸುಮಾರು 23 ನಿಮಿಷ ಬೇಕು.

ಟ್ರೇಕಿಯಾಸ್ಟಮಿಯನ್ನು ಕೆಲವು ದಿನ ಮುಂದೂಡಬಹುದು. ಕೋವಿಡ್ ಕಾಲದಲ್ಲಿ ಹಲವು ಮಾರ್ಗಸೂಚಿಗಳು ಹಾಗೆಯೇ ಸಲಹೆ ಕೊಟ್ಟವು. ಆದರೆ ಕಡಲೆಬೀಜ ಶ್ವಾಸನಾಳಕ್ಕೆ ಸಿಕ್ಕಿ ಉಸಿರುಗಟ್ಟುತ್ತಿರುವ ಮಗು ಸೋಂಕು ಪರೀಕ್ಷೆಯ ವರದಿಗಾಗಿ ಕಾಯಲಾರದು. ಅಂಥ ಹೊತ್ತಿನಲ್ಲಿ ಸೋಂಕು ಇದೆಯೆಂದೇ ಬಗೆದು ಸಜ್ಜಾಗಬೇಕು.

ಆದ್ದರಿಂದ ಈ ಕ್ರಮಗಳ ತಾಲೀಮು ಸಾಂಕ್ರಾಮಿಕದ ಜೊತೆಗೇ ಮುಗಿಯಬಾರದು. ಜಿಲ್ಲಾಸ್ಪತ್ರೆಗಳಲ್ಲೂ ಅದು ನಿಯತವಾಗಿ ನಡೆಯಲಿ, ರಕ್ಷಣಾ ಸಾಮಗ್ರಿಯ ದಾಸ್ತಾನು ಇರಲಿ. ವೈದ್ಯರು, ನರ್ಸ್‌ಗಳು ಕ್ಷೇಮವಾಗಿದ್ದರೆ ಮಾತ್ರ ಮುಂದಿನ ರೋಗಿಗೂ ಚಿಕಿತ್ಸೆ ಸಿಗುತ್ತದೆ.