ಎಂಜಿನಿನ ಎಣ್ಣೆ ಮತ್ತು ಡಬ್ಬಿಯ ಮೇಲಿನ ಬರಹ

ಮೋಟಾರುಗಾಡಿಯ ಎಂಜಿನಿಗೆ ಎಂತಹ ಎಣ್ಣೆಯನ್ನು ಹಾಕತಕ್ಕದ್ದೆಂಬ ವಿಷಯವು ಈ ಪುಟಕ್ಕೆ ತಕ್ಕುದಲ್ಲವೆಂದು ಕೆಲವು ವಾಚಕರಿಗೆ ತೋರಬಹುದು. ನಮಗೂ ಮೊನ್ನೆ ಮೊನ್ನೆಯವರೆಗೆ ಹಾಗೆಯೇ ತೋರುತ್ತಿದ್ದಿತು. ಆದರೆ ಸರಕಾರದ ಅಧಿಕಾರಿಗಳಾದ ನಮ್ಮ ಮಿತ್ರರೊಬ್ಬರು ಈ ಅಲ್ಪವಿಷಯದ ಅಲಕ್ಷ್ಯದಿಂದ ತಮ್ಮ ಒಂದು ತಿಂಗಳ ಸಂಬಳವನ್ನೇ ತೆರಬೇಕಾಗಿ ಬಂದುದನ್ನು ಕಂಡ ಮೇಲೆ, ಇದನ್ನು ಕುರಿತು ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು.

ಮಿತ್ರರ ಕಾರು ಡೀಸೆಲಿನದು. 2020ನೆಯ ಇಸವಿಯ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6 ಎಂಬ ಹೊಗೆಯ ನಿಯಮವು ಜಾರಿಗೆ ಬಂದ ತರುವಾಯ ಕೊಂಡದ್ದು. ಇಂತಹ ಕಾರಿನ ಹೊಗೆಕೊಳವೆಯಲ್ಲಿ ಮಸಿಯನ್ನು ತಡೆದು ನಿಲ್ಲಿಸುವ ಒಂದು ಫಿಲ್ಟರು ಇರುತ್ತದೆ, ಅದನ್ನು ಡಿ.ಪಿ.ಎಫ್. ಎಂದು ಕರೆಯುವರು. ಮಸಿ ತುಂಬಿದಾಗ ಎಂಜಿನು ತಾನಾಗಿಯೇ ಫಿಲ್ಟರನ್ನು ಕಾಯಿಸಿ ಅದನ್ನು ಸುಟ್ಟುಬಿಡುವುದು. ಆದರೆ ಎಂಜಿನಿನ ಎಣ್ಣೆಯೂ ಸ್ವಲ್ಪ ಸ್ವಲ್ಪವಾಗಿ ಉರಿದುಹೋಗುತ್ತದಷ್ಟೆ. ಅದರಲ್ಲಿ ಬೆರೆಸಿದ ಲೋಹಾಂಶಗಳು ಬೂದಿಯಾಗಿ ಫಿಲ್ಟರಿನಲ್ಲಿಯೇ ಕುಳಿತುಕೊಳ್ಳುವುವು. ಮಸಿಯನ್ನು ಸುಡಬಹುದು, ಬೂದಿಯನ್ನು ಮತ್ತೆ ಸುಡುವ ಉಪಾಯವಿಲ್ಲ. ಆದುದರಿಂದಲೇ ಈ ಕಾರುಗಳಿಗೆ ಬೂದಿ ಕಡಮೆಯಿರುವ ಎಣ್ಣೆಯನ್ನು ವಿಧಿಸಿರುತ್ತಾರೆ. ಐರೋಪ್ಯ ಮೋಟಾರು ತಯಾರಕರ ಸಂಘವಾದ ಎ.ಸಿ.ಇ.ಎ.ಯ ಸಿ2, ಸಿ3 ವರ್ಗಗಳಲ್ಲಿ ಬೂದಿಯು ನೂರಕ್ಕೆ 0.8 ಭಾಗವನ್ನು ಮೀರಕೂಡದು.

ಮಿತ್ರರು ತಮ್ಮ ಗಾಡಿಯನ್ನು ಒಪ್ಪಿಸಿದ್ದ ಗ್ಯಾರೇಜಿನಲ್ಲಿ ಒಂದರ ಮೇಲೊಂದು ಮೂರು ಸಲ ಹಾಕಿದ್ದು ಲಾರಿಗಳಿಗೆಂದು ಪೀಪಾಯಿಯಲ್ಲಿ ತಂದಿಟ್ಟಿದ್ದ ಸಿ.ಐ.-4 ಎಂಬ ವರ್ಗದ ಎಣ್ಣೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎ.ಪಿ.ಐ.ಯು 2002ರಲ್ಲಿ ಮಾಡಿದ ಆ ವರ್ಗದಲ್ಲಿ ಬೂದಿಗೆ ಮಿತಿಯನ್ನೇ ವಿಧಿಸಿಲ್ಲ. “ಸ್ವಾಮಿ, ನಮ್ಮದು ಸೆಕೆಯ ದೇಶ, ಎಣ್ಣೆ ಗಟ್ಟಿಯಿದ್ದಷ್ಟೂ ಎಂಜಿನಿಗೆ ಕ್ಷೇಮ” ಎಂದು ಮೇಸ್ತ್ರಿಯು ಹೇಳಿದನಂತೆ, ಇವರು ಒಪ್ಪಿದರಂತೆ. ಲೀಟರಿಗೆ ನೂರಿನ್ನೂರು ರೂಪಾಯಿ ಉಳಿಯಿತೆಂಬ ಸಂತೋಷವೂ ಇದ್ದಿತು. ಕೊನೆಗೆ ಎಚ್ಚರಿಕೆಯ ದೀಪವು ಹತ್ತಿ ಆರದೆ ನಿಂತಿತು. ಊರೊಳಗೆಯೇ ಮೆಲ್ಲಮೆಲ್ಲನೆ ಓಡಿಸಿದುದರಿಂದ ಸೇರಿದ ಮಸಿಯೂ ಇದಕ್ಕೆ ಕಾರಣವಾಗಿರಬಹುದು. ಎಣ್ಣೆಯದೇ ಸಂಪೂರ್ಣ ತಪ್ಪೆಂದು ನಾವು ಹೇಳಲಾರೆವು. ಹಾಗಿದ್ದರೂ ಫಿಲ್ಟರನ್ನು ಬಿಚ್ಚಿದವರಿಗೆ ಅದರಲ್ಲಿ ಸಿಕ್ಕಿದ ಬೂದಿಯು ಎಣ್ಣೆಯದೇ ಹೊರತು ರಸ್ತೆಯದಲ್ಲ.

ಆ ಮೇಸ್ತ್ರಿಯ ಮಾತು ಅವನೊಬ್ಬನದಲ್ಲ. ಅಂಬಾಸಿಡರ್ ಕಾರಿನ ಕಾಲದಲ್ಲಿ, 20ಡಬ್ಲ್ಯು-40ರಂತಹ ಮಂದವಾದ ಎಣ್ಣೆಯೊಡನೆ ಪಳಗಿದ ಕೈಗಳೆಲ್ಲವೂ ಇದನ್ನೇ ಹೇಳುವುವು. ಆ ಎಂಜಿನುಗಳ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ. ಈಗಿನ ಸಂಗತಿ ಬೇರೆ. ಡಬ್ಬಿಯ ಮೇಲಿನ ಅಂಕೆಗಳನ್ನು ಗೊತ್ತುಮಾಡಿರುವುದು ಎಸ್.ಎ.ಇ. ಎಂಬ ಅಮೆರಿಕದ ಎಂಜಿನಿಯರುಗಳ ಸಂಘವು. ಎಣ್ಣೆಗಳ ಸ್ನಿಗ್ಧತೆಯನ್ನು ಅದು ಮೊದಲು ವರ್ಗೀಕರಿಸಿದ್ದು 1911ರಲ್ಲಿ. 5ಡಬ್ಲ್ಯು-30 ಎಂಬುದರಲ್ಲಿ ಡಬ್ಲ್ಯು ಎಂದರೆ ಚಳಿಗಾಲ. 5ಡಬ್ಲ್ಯು ಎಣ್ಣೆಯು ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಎಂಜಿನು ತಿರುಗುವಷ್ಟು ಸಡಿಲವಾಗಿರತಕ್ಕದ್ದು. ಎರಡನೆಯ ಅಂಕೆಯು ನೂರು ಡಿಗ್ರಿ ಶಾಖದಲ್ಲಿ ಎಣ್ಣೆಯು ಎಷ್ಟು ಮಂದವಾಗಿರುವುದೆಂಬುದನ್ನು ತಿಳಿಸುತ್ತದೆ: 30 ಎಂದರೆ 9.3ರಿಂದ 12.5 ಸೆಂಟಿಸ್ಟೋಕಿನ ಒಳಗೆ. 40 ಎಂದರೆ 12.5ರಿಂದ 16.3ರ ಒಳಗೆ.

ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಚಳಿಯೇ 1884ರ ಜನವರಿಯ 7.8 ಡಿಗ್ರಿ, ನಮಗೆ ಸೊನ್ನೆಯ ಕೆಳಗಿನ ಲೆಕ್ಕವೇಕೆಂದು ಕೇಳಬಹುದು. ಪ್ರಶ್ನೆಯು ಸರಿಯಾದುದೇ. ಆದರೆ ಹಿಮದ ಚಳಿಯಲ್ಲಿ ಹರಿಯಬಲ್ಲ ಎಣ್ಣೆಯು ನಮ್ಮ ಬೆಳಗಿನ ಹದಿನೈದಿಪ್ಪತ್ತು ಡಿಗ್ರಿಯಲ್ಲಿಯೂ ಎಂಜಿನಿನ ಮೇಲ್ಭಾಗವನ್ನು ಬೇಗನೆ ಮುಟ್ಟುವುದು. ಸವೆತದ ಬಹುಭಾಗವು ಆಗುವುದು ಈ ಮೊದಲ ಕ್ಷಣಗಳಲ್ಲಿಯೇ. ಇನ್ನು ಬೇಸಗೆಯ ಮಾತು. ರಾಯಚೂರಿನಲ್ಲಿ ಹೊರಗೆ 42 ಡಿಗ್ರಿ ಇರಲಿ, ಮಡಿಕೇರಿಯಲ್ಲಿ 18 ಇರಲಿ, ಕಾದ ಎಂಜಿನಿನ ನೀರನ್ನು ಥರ್ಮೋಸ್ಟಾಟು ಹೆಚ್ಚುಕಡಮೆ ಒಂದೇ ಶಾಖದಲ್ಲಿ ಇಡುವುದು. ಎಣ್ಣೆಯೂ ಅದರ ಸಮೀಪದಲ್ಲಿಯೇ ಇರುವುದು. ಊರಿನ ಸೆಕೆಯನ್ನು ನೋಡಿ ಎಣ್ಣೆಯನ್ನು ಮಂದಗೊಳಿಸಬೇಕೆಂಬ ವಾದವು ಇಲ್ಲಿಗೆ ಬಹುಮಟ್ಟಿಗೆ ಬಿದ್ದುಹೋಗುತ್ತದೆ. ಎಣ್ಣೆಯ ಮಂದತೆಯನ್ನು ನಿರ್ಧರಿಸುವುದು ಮುಖ್ಯವಾಗಿ ಬೇರಿಂಗುಗಳ ನಡುವಣ ಸಂದು ಮತ್ತು ಎಣ್ಣೆಯ ಪಂಪು. 0ಡಬ್ಲ್ಯು-20 ಬೇಡುವ ಹೊಸ ಪೆಟ್ರೋಲ್ ಎಂಜಿನಿಗೆ 20ಡಬ್ಲ್ಯು-50 ಹೊಯ್ದರೆ ಪೆಟ್ರೋಲಿನ ಖರ್ಚು ಏರುವುದಲ್ಲದೆ, ಎಣ್ಣೆಯ ಒತ್ತಡದಿಂದಲೇ ನಡೆಯುವ ವಾಲ್ವುಗಳ ಏರ್ಪಾಡು ತಡವರಿಸಬಹುದು. ತೆಳುವೇ ಹೊಸದು, ಆದುದರಿಂದ ಒಳ್ಳೆಯದು ಎಂದು ಹಳೆಯ ಗಾಡಿಗೆ 0ಡಬ್ಲ್ಯು-20 ಹಾಕುವುದೂ ಅಷ್ಟೇ ಅವಿವೇಕ. 150 ಡಿಗ್ರಿಯ ಪರೀಕ್ಷೆಯಲ್ಲಿ 20ರ ಎಣ್ಣೆಯು ಉಳಿಸಿಕೊಳ್ಳಬೇಕಾದ ಕನಿಷ್ಠ ಸ್ನಿಗ್ಧತೆ 2.6 ಸೆಂಟಿಪಾಯ್ಸ್, 40ರದು 3.5 ಅಥವಾ ಹೆಚ್ಚು. ದೊಡ್ಡ ಸಂದಿನ ಹಳೆಯ ಬೇರಿಂಗಿಗೆ ಈ ಅಂತರವು ಸಣ್ಣದಲ್ಲ.

ಅಂಕೆ ಸರಿಯಿದ್ದ ಮಾತ್ರಕ್ಕೆ ಮುಗಿಯಲಿಲ್ಲ, ಅಕ್ಷರವನ್ನೂ ನೋಡಬೇಕು. ಎ.ಪಿ.ಐ.ಯು ಪೆಟ್ರೋಲ್ ಎಂಜಿನಿನ ಎಣ್ಣೆಗಳಿಗೆ ಎಸ್. ಅಕ್ಷರವನ್ನೂ ಡೀಸೆಲಿನವುಗಳಿಗೆ ಸಿ. ಅಕ್ಷರವನ್ನೂ ಇಟ್ಟಿದೆ. 2020ರ ಮೇ ತಿಂಗಳಿನಲ್ಲಿ ಬಂದ ಎಸ್.ಪಿ. ವರ್ಗವು ಟರ್ಬೊ ಇರುವ ಪೆಟ್ರೋಲ್ ಎಂಜಿನುಗಳಲ್ಲಿ ಇಂಧನವು ಅಕಾಲದಲ್ಲಿ ಹೊತ್ತಿಕೊಳ್ಳುವ ದೋಷವನ್ನು ತಡೆಯಬೇಕೆಂದು ವಿಧಿಸುತ್ತದೆ. ಎಸ್.ಎ. ವರ್ಗದ ಎಣ್ಣೆಯಾದರೋ 1930ರ ಬಳಿಕ ತಯಾರಾದ ಎಂಜಿನುಗಳಿಗೆ ತಕ್ಕುದಲ್ಲವೆಂದು ಆ ಸಂಸ್ಥೆಯೇ ಸಾರಿದೆ. ‘ಸಿಂಥೆಟಿಕ್’ ಎಂಬ ಮಾತು ಇಂತಹ ಯಾವ ಪರೀಕ್ಷೆಯ ಫಲವೂ ಅಲ್ಲ. ಅದು ಎಣ್ಣೆಯ ಮೂಲವನ್ನು ಕುರಿತ ಮಾತು. ಬಹಳ ಸಲ ಬೆಲೆಯನ್ನು ಕುರಿತದ್ದು. ಅಂತೆಯೇ ‘ಇಂತಹ ಕಾರಿಗೆ ಹೊಂದುತ್ತದೆ’ ಎಂದು ಎಣ್ಣೆಯವನು ತಾನೇ ಬರೆದುಕೊಳ್ಳುವುದಕ್ಕೂ ಕಾರು ತಯಾರಕನು ಪರೀಕ್ಷಿಸಿ ಅನುಮೋದಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಕೊಳ್ಳುವವರು ಅನುಮೋದನೆಯ ಸಂಖ್ಯೆಯನ್ನು ಕೇಳಿ ನೋಡತಕ್ಕದ್ದು.

ಹಾಗಾದರೆ ಯಾರ ಮಾತನ್ನು ನಂಬುವುದು? ಕಾರಿನೊಡನೆ ಬರುವ ಕೈಪಿಡಿಯನ್ನು. ಸ್ನಿಗ್ಧತೆಯ ಅಂಕೆ, ವರ್ಗದ ಅಕ್ಷರ, ಎಣ್ಣೆಯ ಪ್ರಮಾಣ, ಬದಲಿಸುವ ಅವಧಿ, ಎಲ್ಲವೂ ಅದರಲ್ಲಿವೆ. ಆದರೆ ಅದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇರುವುದರಿಂದ, ಎಣ್ಣೆಯನ್ನು ನಿಜವಾಗಿ ಹೊಯ್ಯುವ ಮೇಸ್ತ್ರಿಗೂ ಚಾಲಕನಿಗೂ ಅದು ಮುಚ್ಚಿದ ಪುಸ್ತಕವಾಗಿದೆ. ಈ ನಾಡಿನಲ್ಲಿ ಕಾರು ಮಾರುವವರು ಆ ಒಂದು ಪುಟವನ್ನಾದರೂ ಕನ್ನಡದಲ್ಲಿ ಅಚ್ಚುಹಾಕಿಸಿ ಕೊಡಬಾರದೇಕೆಂದು ನಾವು ಕೇಳುತ್ತೇವೆ. ಅಲ್ಲಿಯವರೆಗೆ ಓದುಬಲ್ಲ ಯಜಮಾನರೇ ಆ ಪುಟವನ್ನು ಕನ್ನಡದಲ್ಲಿ ಬರೆದು ಚಾಲಕನ ಕೈಗೆ ಕೊಡುವುದು ಲೇಸು.

ಮೋಟಾರ್ ಸೈಕಲ್ ಇರುವ ವಾಚಕರಿಗೂ ಒಂದು ಮಾತು. ಅವುಗಳಲ್ಲಿ ಕ್ಲಚ್ಚು ಸಾಮಾನ್ಯವಾಗಿ ಎಂಜಿನಿನ ಎಣ್ಣೆಯಲ್ಲಿಯೇ ಮುಳುಗಿರುವುದು. ಘರ್ಷಣೆಯನ್ನು ತಗ್ಗಿಸುವ ವಸ್ತುಗಳನ್ನು ಬೆರೆಸಿದ ಕಾರಿನ ಎಣ್ಣೆಯನ್ನು ಹಾಕಿದರೆ ಕ್ಲಚ್ಚು ಜಾರಬಹುದು. ಜಪಾನಿನ ಜಾಸೋ ಎಂ.ಎ. ಗುರುತಿರುವುದನ್ನು ನೋಡಿ ಕೊಳ್ಳತಕ್ಕದ್ದು.

ನಮ್ಮ ಮಿತ್ರರು ಈಗ ಸಿ3 ವರ್ಗದ ಎಣ್ಣೆಯ ಮುದ್ರೆಯೊಡೆಯದ ಡಬ್ಬಿಗಳನ್ನು ತಾವೇ ಕೊಂಡೊಯ್ದು, ಮೇಸ್ತ್ರಿಯ ಪಕ್ಕದಲ್ಲಿ ನಿಂತು ಹಾಕಿಸುತ್ತಾರೆ. ಮೇಸ್ತ್ರಿಗೆ ಇದು ಅಷ್ಟಾಗಿ ಹಿಡಿಸಿಲ್ಲ.