ಎರಡು ಕೋಟಿ ಪಹಣಿಗೆ ಒಂದು ಗೇಟು ಬೇಕು

ದಾಂಡೇಲಿ: ಒಬ್ಬ ರೈತನ ಪಹಣಿ ಕೇಳಿದ್ರೆ ಕಂಪ್ಯೂಟರ್ ಕ್ಷಣದಲ್ಲಿ ಕೊಡುತ್ತದೆ. ಇಡೀ ತಾಲೂಕಿನ ಪಟ್ಟಿ ಕೇಳಿದ್ರೆ ಗಕ್ಕನೆ ನಿಲ್ಲುವುದುಂಟು. ಯಾಕೆ?

ಲೆಕ್ಕ ನೋಡಿ. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆಯಲ್ಲಿ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದವು. ಇವು ಇರುವುದು ಡಿಸ್ಕಿನಲ್ಲಿ. ಕೆಲಸ ನಡೆಯುವ ಮೆಮೊರಿ ಅದಕ್ಕಿಂತ ಬಹಳ ಚಿಕ್ಕದು. ಕೇಳಿದ್ದನ್ನೆಲ್ಲ ಒಮ್ಮೆಗೇ ತರಿಸುವಂತೆ ಪ್ರೋಗ್ರಾಮ್ ಬರೆದಿದ್ದರೆ ಅದು ತುಂಬಿ ಕಟ್ಟಿಕೊಳ್ಳುತ್ತದೆ.

ನಮ್ಮ ಕಾಳಿ ನದಿಯನ್ನೇ ನೋಡಿ. ಗಣೇಶಗುಡಿಯ ಸೂಪಾ ಜಲಾಶಯ ಸುಮಾರು 145 ಟಿಎಂಸಿ ನೀರು ಹಿಡಿಯುತ್ತದೆ. ಕೆಳಗಿನ ಬೊಮ್ಮನಹಳ್ಳಿಯದು ಸಣ್ಣದು. ಸೂಪಾದಿಂದ ಅಳೆದು ಬಿಟ್ಟ ನೀರು ಅಲ್ಲಿಗೆ ಬಂದು, ಮುಂದೆ ನಾಗಝರಿಯಲ್ಲಿ ಕರೆಂಟ್ ಆಗುತ್ತದೆ.

ಡೇಟಾಬೇಸಿಗೂ ಇಂಥದೊಂದು ಗೇಟು ಉಂಟು. ಹೆಸರು ಕರ್ಸರ್. ಸಾವಿರ ಸಾಲು ತರಿಸು, ಬರೆದು ಮುಗಿಸು, ಮೆಮೊರಿ ಖಾಲಿ ಮಾಡು, ಮುಂದಿನ ಸಾವಿರ ಕೇಳು. ಊರು, ಸರ್ವೆ ನಂಬರು, ಹಿಸ್ಸಾ ಕ್ರಮದಲ್ಲಿ ತರಿಸಿ, ಕೊನೆಯದನ್ನು ಗುರುತಿಟ್ಟುಕೊಂಡರೆ ನಡುವೆ ಕರೆಂಟ್ ಹೋದರೂ ಮೊದಲಿಂದ ಶುರುಮಾಡಬೇಕಿಲ್ಲ. ಒಟ್ಟು ಎಕರೆ ಮಾತ್ರ ಸಾಕಿದ್ದರೆ ಕೂಡುವ ಕೆಲಸ ಡೇಟಾಬೇಸಿಗೇ ಬಿಡಿ. ಉತ್ತರ ಒಂದೇ ಸಾಲು.

ಇದು ಬರೀ ಇಂಜಿನಿಯರುಗಳ ಮಾತಲ್ಲ. ಬೆಳೆ ಪರಿಹಾರದ ಪಟ್ಟಿ ತೆಗೆಯುವಾಗ ಯಂತ್ರ ನಿಂತರೆ, ಜೋಯಿಡಾದ ಕಾಡಂಚಿನಿಂದಲೋ ಹಳಿಯಾಳ, ಮುಂಡಗೋಡದ ಹಳ್ಳಿಯಿಂದಲೋ ಬಸ್ಸು ಹಿಡಿದು ಬಂದವನ ಒಂದು ದಿನದ ಕೂಲಿ ಹೋಯಿತು. ಹೊಸ ಯಂತ್ರಕ್ಕೆ ದುಡ್ಡು ಸುರಿಯುವ ಮೊದಲು, ಇರುವುದಕ್ಕೆ ಈ ಗೇಟು ಉಂಟೋ ಇಲ್ಲವೋ ಎಂದು ಸಂಬಂಧಪಟ್ಟವರು ನೋಡುವರೇ?